ಉಕ್ಕು ಓಗೊಟ್ಟ ಕಥೆ

ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳ ಗೆಣ್ಣಿನಿಂದ ತಟ್ಟಿ ನೋಡದೆ ದುಡ್ಡು ಕೊಡುವುದಿಲ್ಲ. ಮಣ್ಣು ಸರಿಯಾಗಿ ಬೆಂದಿದ್ದರೆ ಟಣ್ ಎನ್ನುತ್ತದೆ, ಎಲ್ಲೋ ಸೀಳು ಬಿಟ್ಟಿದ್ದರೆ ದನಿ ಒಡೆದು ಬರುತ್ತದೆ. ರೈಲು ನಿಲ್ದಾಣಗಳಲ್ಲಿ ಉದ್ದ ಹಿಡಿಯ ಸುತ್ತಿಗೆ ಹಿಡಿದು ಗಾಲಿಗಳನ್ನು ತಟ್ಟುತ್ತ ನಡೆಯುತ್ತಿದ್ದವರದೂ ಇದೇ ವಿದ್ಯೆ. ಈ ವಿದ್ಯೆಗೆ ಎರಡು ಕೊರತೆಗಳಿದ್ದವು. ಬಿರುಕು ಇದೆ ಎಂದು ಅದು ಹೇಳೀತು, ಎಲ್ಲಿದೆ ಎಂದು ಹೇಳದು. ದಪ್ಪ ಉಕ್ಕಿನ ಒಡಲಲ್ಲಿ ಅಡಗಿದ ಕೂದಲೆಳೆಯಂಥ ಬಿರುಕಾದರೆ ದನಿಯೇ ಬದಲಾಗದು. ಈ ಎರಡೂ ಕೊರತೆಗಳನ್ನು ಒಟ್ಟಿಗೆ ನೀಗಿದ ಸಾಧನಕ್ಕೆ ಅಮೆರಿಕದ ಪೇಟೆಂಟ್ ಕಚೇರಿ 1942ರ ಏಪ್ರಿಲ್ 21ರಂದು 2,280,226 ಎಂಬ ಸಂಖ್ಯೆ ಕೊಟ್ಟಿತು. ಮಿಚಿಗನ್ ವಿಶ್ವವಿದ್ಯಾಲಯದ ಫ್ಲಾಯ್ಡ್ ಫೈರ್‌ಸ್ಟೋನ್ ಅದಕ್ಕೆ ಅರ್ಜಿ ಹಾಕಿದ್ದು 1940ರಲ್ಲಿ. ಇಂಥ ಕಾಗದವನ್ನು ನಾವು ಸಾಮಾನ್ಯವಾಗಿ ‘ಯಾರು ಮೊದಲಿಗರು’ ಎಂಬ ಜಗಳಕ್ಕೆ ಸಾಕ್ಷಿಯಾಗಿ ಓದುತ್ತೇವೆ. ಹಾಗೆ ಓದಿದರೆ ಇತಿಹಾಸ ಕೈತಪ್ಪುತ್ತದೆ ಎಂಬುದು ನನ್ನ ವಾದ. ಯಾವ ತೊಡಕು ಎಲ್ಲಿ ಬಗೆಹರಿಯಿತು ಎಂಬುದಕ್ಕೆ ಸಾಕ್ಷಿಯಾಗಿ ಓದಿದಾಗಲೇ ಪೇಟೆಂಟು ಬಾಯಿ ಬಿಡುತ್ತದೆ.

ಮೊದಲಿಗರನ್ನೇ ಹುಡುಕುವುದಾದರೆ ಫೈರ್‌ಸ್ಟೋನ್ ತೀರ ಹಿಂದಿನ ಸಾಲಿನವನು. ಒತ್ತಿದರೆ ವಿದ್ಯುತ್ ಹೊಮ್ಮಿಸುವ ಸ್ಫಟಿಕಗಳ ಗುಣವನ್ನು ಕ್ಯೂರಿ ಸಹೋದರರು ಪ್ಯಾರಿಸ್‌ನಲ್ಲಿ 1880ರಲ್ಲೇ ಕಂಡಿದ್ದರು. ಮೊದಲ ಮಹಾಯುದ್ಧದ ಹೊತ್ತಿಗೆ ಪಾಲ್ ಲಾಂಜೆವಿನ್ ಕ್ವಾರ್ಟ್ಜ್ ಸ್ಫಟಿಕವನ್ನು ನೀರಿನೊಳಗೆ ಕಂಪಿಸಿ, ಕಿವಿಗೆ ನಿಲುಕದ ದನಿಯಿಂದ ಜಲಾಂತರ್ಗಾಮಿಗಳನ್ನು ಹುಡುಕುವ ದಾರಿ ತೆರೆದ. ಅದೇ ದನಿಯಿಂದ ಲೋಹದ ದೋಷ ಹಿಡಿಯಬಹುದೆಂದು 1928ರಲ್ಲಿ ಸೂಚಿಸಿದವನು ಲೆನಿನ್‌ಗ್ರಾಡಿನ ಸೆರ್ಗೈ ಸೊಕೊಲೊವ್. 1931ರಲ್ಲಿ ಜರ್ಮನಿಯಲ್ಲಿ ಮೂಲ್‌ಹಾಯ್ಸರ್ ಎಂಬಾತ ಇಂಥದೇ ವಿಧಾನಕ್ಕೆ ಪೇಟೆಂಟನ್ನೂ ಪಡೆದ. ಇವರದೆಲ್ಲ ಆರುಪಾರು ದನಿ ಹಾಯಿಸುವ ಬಗೆ: ಒಂದು ಬದಿಯಿಂದ ಕಳಿಸು, ಇನ್ನೊಂದು ಬದಿಯಲ್ಲಿ ಎಷ್ಟು ಉಳಿದು ಬಂತು ನೋಡು, ಕಡಿಮೆಯಾಗಿದ್ದರೆ ನಡುವೆ ಏನೋ ತಡೆದಿದೆ. ಲೋಹದ ಎರಡೂ ಮಗ್ಗುಲು ಕೈಗೆ ಸಿಗಬೇಕಿತ್ತು. ಎಡೆಬಿಡದೆ ಹರಿಯುವ ತರಂಗಗಳು ಒಳಗೇ ಹಿಂದೆಮುಂದೆ ಬಡಿದಾಡಿ ಓದನ್ನು ಕೆಡಿಸುತ್ತಿದ್ದವು. ಬಿರುಕಿನ ಆಳವಂತೂ ಗೊತ್ತಾಗುತ್ತಲೇ ಇರಲಿಲ್ಲ.

ಫೈರ್‌ಸ್ಟೋನ್ ಮಾಡಿದ್ದು ಬೇರೆ. ಬಿರುಕಿನಾಚೆಗೆ ಎಷ್ಟು ದನಿ ಸೋರಿತೆಂದು ಅವನು ಕೇಳಲಿಲ್ಲ, ಬಿರುಕಿಗೆ ಬಡಿದು ಎಷ್ಟು ಹೊತ್ತಿಗೆ ಮರಳಿತು ಎಂದು ಕೇಳಿದ. ತುಣುಕು ತುಣುಕಾಗಿ ತರಂಗ ಕಳಿಸುವುದು, ಅದೇ ಬದಿಯಲ್ಲಿ ಮರುದನಿಗೆ ಕಾಯುವುದು, ನಡುವಣ ಕಾಲವನ್ನು ಪರದೆಯ ಮೇಲೆ ಉದ್ದವಾಗಿ ಹಾಸುವುದು. ‘ಸಮುದ್ರದಲ್ಲಿ ಆಗಲೇ ನಡೆಯುತ್ತಿದ್ದುದನ್ನು ಉಕ್ಕಿಗೆ ತಂದನಷ್ಟೆ, ಇದರಲ್ಲಿ ಹೊಸತೇನು?’ ಎಂದು ಯಾರಾದರೂ ಕೇಳಬಹುದು. ಲೆಕ್ಕ ಹಾಕಿದರೆ ಉತ್ತರ ಸಿಗುತ್ತದೆ. ಕಡಲ ನೀರಿನಲ್ಲಿ ದನಿ ಸೆಕೆಂಡಿಗೆ ಸುಮಾರು 1,500 ಮೀಟರ್ ಸಾಗುತ್ತದೆ, ಹುಡುಕುವ ವಸ್ತು ನೂರಾರು ಮೀಟರ್ ದೂರದಲ್ಲಿರುತ್ತದೆ. ಉಕ್ಕಿನಲ್ಲಿ ವೇಗ 5,900 ಮೀಟರ್, ಬಿರುಕೋ ಒಂದೆರಡು ಸೆಂಟಿಮೀಟರ್ ಆಳದಲ್ಲಿ. ಒಂದು ಸೆಂಟಿಮೀಟರ್ ಒಳಗೆ ಹೋಗಿ ಮರಳಲು ದನಿಗೆ ಬೇಕಾದದ್ದು 3.4 ಮೈಕ್ರೋಸೆಕೆಂಡು. ಅಷ್ಟರೊಳಗೆ ಕಳಿಸಿದ ದನಿ ಅಡಗಿರಬೇಕು, ಇಲ್ಲವಾದರೆ ಕೂಗಿದವನ ಕೂಗಿನಲ್ಲೇ ಓಗೊಟ್ಟವನ ದನಿ ಮುಳುಗಿಹೋಗುತ್ತದೆ. ಇಷ್ಟು ಚುರುಕಾಗಿ ಕಂಪನ ಎಬ್ಬಿಸುವ, ಅದನ್ನು ಅಳೆಯುವ ವಿದ್ಯುನ್ಮಾನ ಕೈಗೆಟಕಿದ್ದು ರಾಡಾರ್‌ನ ಕಾಲದಲ್ಲಿ, ಅಂದರೆ ಮೂವತ್ತರ ದಶಕದ ಕೊನೆಗೆ. ಸೊಕೊಲೊವ್‌ನ ಜಾಣ್ಮೆ ಕಡಿಮೆಯೆಂದು ಇದರರ್ಥವಲ್ಲ. ಅವನ ಕಾಲದ ಉಪಕರಣಗಳಿಗೆ ಆ ಚುರುಕು ಇರಲಿಲ್ಲ.

ಇದಕ್ಕಿಂತ ಬಲವಾದ ಆಕ್ಷೇಪ ಇನ್ನೊಂದಿದೆ. ಉಪಕರಣಗಳ ಕಾಲ ಕೂಡಿಬಂದದ್ದೇ ಕಾರಣವಾದರೆ ಫೈರ್‌ಸ್ಟೋನ್ ಇಲ್ಲದಿದ್ದರೂ ಇನ್ನೊಬ್ಬ ಮಾಡುತ್ತಿದ್ದ, ಮತ್ತೆ ಅವನೊಬ್ಬನಿಗೇ ಏಕಸ್ವಾಮ್ಯವೇಕೆ? ಇನ್ನೊಬ್ಬ ಮಾಡಿಯೂ ಇದ್ದ. ಇಂಗ್ಲೆಂಡಿನ ಡೊನಾಲ್ಡ್ ಸ್ಪ್ರೌಲ್ 1942ರ ಹೊತ್ತಿಗೆ ಕಳಿಸಲು ಒಂದು, ಕೇಳಲು ಇನ್ನೊಂದು ಸ್ಫಟಿಕ ಬಳಸಿ, ಮೇಲ್ಮೈಗೆ ಹತ್ತಿರದ ದೋಷಗಳಿಗೆ ಇಂದಿಗೂ ಬಳಕೆಯಲ್ಲಿರುವ ಉಪಾಯವನ್ನು ರೂಪಿಸಿದ್ದ. ಈ ಆಕ್ಷೇಪದ ಅರ್ಧವನ್ನು ನಾನು ಒಪ್ಪುತ್ತೇನೆ: ಆವಿಷ್ಕಾರ ಒಬ್ಬನದೇ ಸ್ವತ್ತು ಎಂಬ ನಂಬಿಕೆ ಇಲ್ಲಿ ನಿಲ್ಲದು. ಉಳಿದರ್ಧಕ್ಕೆ ಉತ್ತರ ಯುದ್ಧಾನಂತರದ ಜರ್ಮನಿಯಲ್ಲಿದೆ. ಸ್ಪ್ರೌಲ್‌ನ ಕೆಲಸ ಯುದ್ಧಕಾಲದಲ್ಲಿ ಗುಟ್ಟಾಗಿ ಮುಚ್ಚಿತ್ತು. ಫೈರ್‌ಸ್ಟೋನ್‌ನ ವಿಧಾನವಾದರೋ ಪೇಟೆಂಟಿನಲ್ಲಿ, 1946ರಲ್ಲಿ ಧ್ವನಿವಿಜ್ಞಾನದ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಅವನ ‘ರಿಫ್ಲೆಕ್ಟೊಸ್ಕೋಪ್’ ಬಗ್ಗೆ ಅಚ್ಚಾದದ್ದನ್ನು ಓದಿಯೇ ಕಲೋನ್‌ನಲ್ಲಿ ಯೋಸೆಫ್ ಮತ್ತು ಹರ್ಬರ್ಟ್ ಕ್ರೌಟ್‌ಕ್ರೇಮರ್ ಎಂಬ ಅಣ್ಣತಮ್ಮಂದಿರು, ಅಲ್ಲಿಂದ ದೂರವಿಲ್ಲದ ವುಪರ್‌ಟಾಲ್‌ನಲ್ಲಿ ಕಾರ್ಲ್ ಡಾಯ್ಚ್, 1949ರಲ್ಲಿ ಬೇರೆ ಬೇರೆಯಾಗಿ ಯಂತ್ರ ಕಟ್ಟಲು ತೊಡಗಿದರು. ಬಾಂಬು ಬಿದ್ದು ಹಾಳಾದ ಊರುಗಳಿಂದ ಹೊರಟ ಆ ಪೈಪೋಟಿಯೇ ಈ ಕಸುಬನ್ನು ಲೋಕಕ್ಕೆಲ್ಲ ಹರಡಿತು. ಬೀಗ ಹಾಕಿದ ಗುಟ್ಟು ಯಾರಿಗೂ ಏನನ್ನೂ ಕಲಿಸಲಿಲ್ಲ, ಅಚ್ಚಾದ ವಿವರಣೆ ಪ್ರತಿಸ್ಪರ್ಧಿಗಳನ್ನೇ ಹುಟ್ಟಿಸಿತು.

ಅಚ್ಚಾದದ್ದು ಎಲ್ಲೆಲ್ಲಿಗೆ ಹರಿಯುತ್ತದೆಂದು ಬರೆದವನಿಗೂ ತಿಳಿದಿರುವುದಿಲ್ಲ. 1953ರಲ್ಲಿ ಸ್ವೀಡನ್‌ನ ಲುಂಡ್‌ನಲ್ಲಿ ಇಂಗೆ ಎಡ್ಲರ್ ಮತ್ತು ಹೆಲ್ಮುತ್ ಹರ್ಟ್ಸ್ ಮಾಲ್ಮೊದ ಹಡಗುಕಟ್ಟೆಯಿಂದ ದೋಷಶೋಧಕವನ್ನು ಎರವಲು ತಂದು ಮಿಡಿಯುವ ಹೃದಯದ ಮರುದನಿ ಕಂಡರು. 1955ರಲ್ಲಿ ಗ್ಲಾಸ್ಗೋದ ಪ್ರಸೂತಿ ವೈದ್ಯ ಇಯನ್ ಡೊನಾಲ್ಡ್ ರೆನ್‌ಫ್ರೂ ಪಟ್ಟಣದ ಬಾಯ್ಲರ್ ಕಾರ್ಖಾನೆಗೆ ಶಸ್ತ್ರಕ್ರಿಯೆಯಲ್ಲಿ ತೆಗೆದ ಗಡ್ಡೆಗಳನ್ನು ಕಾರಿನಲ್ಲಿ ಒಯ್ದು, ಉಕ್ಕಿಗೆಂದು ಇಟ್ಟ ಯಂತ್ರದಡಿ ಇಟ್ಟು ನೋಡಿದ. ಇಂದಿನ ಬಸುರಿಯರ ಸ್ಕ್ಯಾನಿಂಗ್‌ಗೆ ಆ ಬಾಯ್ಲರ್ ಕಾರ್ಖಾನೆಯ ನಂಟಿದೆ. ಪೇಟೆಂಟಿನ ಹಂಗಿಲ್ಲದೆಯೇ ಬೆಳೆದ ಕವಲೂ ಉಂಟು. 1935-36ರಲ್ಲಿ ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಮತ್ತು ನಾಗೇಂದ್ರನಾಥ್, ಶ್ರವಣಾತೀತ ತರಂಗ ಹಾಯುವ ದ್ರವದಲ್ಲಿ ಬೆಳಕು ಹೇಗೆ ಸಾಲುಸಾಲಾಗಿ ಚೆದುರುತ್ತದೆಂದು ಗಣಿತದಲ್ಲಿ ಬಿಡಿಸಿ, ಅದನ್ನು ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲೇ ಪ್ರಕಟಿಸಿದರು. ರಾಮನ್-ನಾಥ್ ಸಿದ್ಧಾಂತವೆಂಬ ಹೆಸರಿನ ಹೊರತು ಅವರು ಬೇರೆ ಹಕ್ಕು ಇಟ್ಟುಕೊಂಡಿರಲಿಲ್ಲ.

ಇದು ಹಳೆಯ ಕಾರ್ಖಾನೆಗಳ ಕಥೆ, ಕೋಟಿಗಟ್ಟಲೆ ಹಣ ಸುರಿಯುವ ಇಂದಿನ ಔಷಧಗಳಿಗೆ ಹೊಂದದು ಎನ್ನುವವರಿಗೆ ಜೀನ್‌ಗಳ ಬಾಯಿ ಕಟ್ಟುವ ಚಿಕಿತ್ಸೆಯನ್ನು ತೋರಿಸಬೇಕು. ಪೆಟೂನಿಯಾ ಹೂವಿನ ನೇರಳೆ ಬಣ್ಣ ಗಾಢವಾಗಲೆಂದು ಜೀನ್ ಸೇರಿಸಿದಾಗ ಹೂ ಬೆಳ್ಳಗೆ ಅರಳಿದ್ದನ್ನು 1990ರಲ್ಲೇ ವರದಿ ಮಾಡಲಾಗಿತ್ತು. ಆ ಮೌನಕ್ಕೆ ಎರಡೆಳೆಯ ಆರ್‌ಎನ್‌ಎ ಕಾರಣವೆಂದು ಹುಳುವೊಂದರಲ್ಲಿ 1998ರಲ್ಲಿ ತೋರಿಸಿದವರು ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ. ಆ ವರ್ಷವೇ ಅರ್ಜಿ ಹೋಯಿತು, 2003ರಲ್ಲಿ ಪೇಟೆಂಟು ಬಂತು, 2006ರಲ್ಲಿ ನೊಬೆಲ್ ಕೂಡ. ಆದರೆ ಈ ದಾರಿಯ ಮೊದಲ ಔಷಧ ಪ್ಯಾಟಿಸಿರಾನ್ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 2018ರ ಆಗಸ್ಟ್‌ನಲ್ಲಿ, ಅರ್ಜಿ ಹಾಕಿ 20 ವರ್ಷ ತುಂಬುತ್ತಿದ್ದಾಗ. ರಕ್ತದಲ್ಲಿ ಕ್ಷಣದಲ್ಲೇ ಚೂರಾಗುವ ಆರ್‌ಎನ್‌ಎಯನ್ನು ಕೊಬ್ಬಿನ ಸಣ್ಣ ಗುಳಿಗೆಗಳಲ್ಲಿ ಅಡಗಿಸಿ ಯಕೃತ್ತಿಗೆ ಮುಟ್ಟಿಸುವ ತೊಡಕು ಆ ಮೂಲ ಕಾಗದದಲ್ಲಿ ಬಗೆಹರಿದಿರಲಿಲ್ಲ. ಪೆಟೂನಿಯಾ ಬೆಳೆದವರಿಗೂ ಫೈರ್-ಮೆಲ್ಲೊಗೂ ಇರುವ ಅಂತರ ಸೊಕೊಲೊವ್‌ಗೂ ಫೈರ್‌ಸ್ಟೋನ್‌ಗೂ ಇದ್ದಂಥದೇ. ಔಷಧದವರೆಗಿನ ದಾರಿಯಲ್ಲಿ ಅಂಥ ಅಂತರ ಮತ್ತೊಂದಿತ್ತು.

ಉಕ್ಕಿನ ವಿಷಯದಲ್ಲೂ 1942ರ ಕಾಗದ ಬಗೆಹರಿಸದೆ ಬಿಟ್ಟದ್ದು ಬಹಳ. ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲಿ ತಯಾರಾಗುವಂಥ ಅಚ್ಚನ್ನು ಪರೀಕ್ಷಿಸುವಾಗ ಮರುದನಿ ಬಿರುಕಿನಿಂದಷ್ಟೇ ಬರುವುದಿಲ್ಲ. ಅಚ್ಚಿನ ದಪ್ಪ ಬದಲಾಗುವ ಮೆಟ್ಟಿಲು ಓಗೊಡುತ್ತದೆ, ಗಾಲಿ ಬಿಗಿದ ಜಾಗ ಓಗೊಡುತ್ತದೆ, ಒರಟು ಹರಳುಗಳಿದ್ದರೆ ಉಕ್ಕೇ ಗೊಜಗೊಜ ಎನ್ನುತ್ತದೆ. ಗೊತ್ತಾದ ಆಳದಲ್ಲಿ ತೂತು ಕೊರೆದ ಉಕ್ಕಿನ ತುಂಡಿನ ಮೇಲೆ ಯಂತ್ರವನ್ನು ಹೊಂದಿಸಿಕೊಂಡು, ಎಣ್ಣೆ ಸವರಿ, ಶೋಧಕವನ್ನು ಕೂದಲಷ್ಟು ಓರೆ ಮಾಡಿ, ಪರದೆಯ ಯಾವ ಮುಳ್ಳು ಅಚ್ಚಿನ ಆಕಾರದ್ದು, ಯಾವುದು ನಾಳೆ ಮುರಿಯಲಿರುವ ಜಾಗದ್ದು ಎಂದು ಬೇರ್ಪಡಿಸುವುದನ್ನು ಪರೀಕ್ಷಕರು ಒಬ್ಬರ ಪಕ್ಕದಲ್ಲಿ ಇನ್ನೊಬ್ಬರು ನಿಂತೇ ಕಲಿಯುತ್ತಾರೆ.