ಐದು ವರ್ಷಕ್ಕೊಮ್ಮೆಯಿಂದ ತಿಂಗಳಿಗೊಮ್ಮೆ: ನಿರುದ್ಯೋಗದ ಲೆಕ್ಕ

2025ರ ಮೇ 15ರಂದು ಕೇಂದ್ರ ಸಾಂಖ್ಯಿಕ ಸಚಿವಾಲಯ ಏಪ್ರಿಲ್ ತಿಂಗಳ ನಿರುದ್ಯೋಗ ಪ್ರಮಾಣ ಶೇ 5.1 ಎಂದು ಪ್ರಕಟಿಸಿತು. ಹಳ್ಳಿ, ಪಟ್ಟಣ ಎರಡನ್ನೂ ಸೇರಿಸಿ ಸರ್ಕಾರ ತಿಂಗಳ ಲೆಕ್ಕ ಕೊಟ್ಟಿದ್ದು ಅದೇ ಮೊದಲು. ಬೆಲೆಯೇರಿಕೆಯ ಅಂಕಿ ದಶಕಗಳಿಂದ ತಿಂಗಳು ತಿಂಗಳೂ ಬರುತ್ತಿದ್ದ ದೇಶ ದುಡಿಮೆಯ ಅಂಕಿಗೆ ಇಷ್ಟು ಕಾಲ ಕಾಯಬೇಕಾಯಿತು.

ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೋಬಿಸ್ ಅವರ ಮುತುವರ್ಜಿಯಿಂದ 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾಯಿತು. ಆದರೆ ಹೊಲ, ಕೂಲಿ, ಮನೆಗೆಲಸ ಮೂರರ ನಡುವೆ ಓಡಾಡುವವರನ್ನು ಯಾವ ಲೆಕ್ಕಕ್ಕೆ ಸೇರಿಸುವುದು? ಒಂದೇ ಅಂಕಿಯಲ್ಲಿ ಇದು ಹಿಡಿಯುವುದಿಲ್ಲವೆಂದು ಎಂ.ಎಲ್. ದಾಂತ್‌ವಾಲಾ ಸಮಿತಿ 1970ರಲ್ಲಿ ಹೇಳಿತು. ಆ ಶಿಫಾರಸಿನ ಬೆನ್ನಿಗೆ 1972–73ರ ಸಮೀಕ್ಷೆ ಮೂರು ಅಳತೆಗೋಲು ಹಿಡಿಯಿತು: ವರ್ಷದ ಬಹುಪಾಲು ಏನು ಮಾಡಿದಿರಿ, ಕಳೆದ ವಾರ ಏನು ಮಾಡಿದಿರಿ, ಆ ವಾರದ ಪ್ರತಿ ಅರ್ಧ ದಿನ ಏನು ಮಾಡಿದಿರಿ.

ಕಲಬುರಗಿ ಕಡೆಯ ಕೂಲಿ ಹೆಣ್ಣುಮಗಳೊಬ್ಬಳನ್ನು ನೆನೆದುಕೊಳ್ಳಿ. ತೊಗರಿ ಸುಗ್ಗಿಯಲ್ಲಿ ಅವಳಿಗೆ ದಿನವೂ ಕೂಲಿ. ಬೇಸಿಗೆಯಲ್ಲಿ ವಾರಕ್ಕೆ ಎರಡು ದಿನ ಸಿಕ್ಕರೆ ಹೆಚ್ಚು. ವರ್ಷದ ಲೆಕ್ಕದಲ್ಲಿ ಅವಳು ಉದ್ಯೋಗಿ, ವಾರದ ಲೆಕ್ಕದಲ್ಲೂ ಉದ್ಯೋಗಿ. ದಿನದ ಲೆಕ್ಕದಲ್ಲಿ ಮಾತ್ರ ಉಳಿದ ಐದು ದಿನಗಳ ಖಾಲಿ ಕೈ ಕಾಣುತ್ತದೆ. ಅದೇ 1972–73ರಲ್ಲಿ ವರ್ಷದ ಅಳತೆ ಹೇಳಿದ ನಿರುದ್ಯೋಗ ಸುಮಾರು ಶೇ 1.6, ವಾರದ್ದು ಶೇ 4.3, ದಿನದ್ದು ಶೇ 8.3. ಭಾರತದ ಬಡತನದ ಸ್ವರೂಪವೇ ಈ ಅಂತರದಲ್ಲಿದೆ: ಬಡವರಿಗೆ ಪೂರ್ತಿ ಕೆಲಸವಿಲ್ಲದೆ ಕೂರುವುದಕ್ಕೂ ಸಾಧ್ಯವಿಲ್ಲ.

ದೊಡ್ಡ ಸಮೀಕ್ಷೆ ನಡೆಯುತ್ತಿದ್ದುದು ಸುಮಾರು ಐದು ವರ್ಷಕ್ಕೊಮ್ಮೆ. ಆ ಸಾಲಿನಲ್ಲಿ ಕೊನೆಯದು 2011–12ರದ್ದು. 2016ರ ನವೆಂಬರಿನಲ್ಲಿ ನೋಟು ರದ್ದಾದಾಗ ಎಷ್ಟು ಜನರ ಕೆಲಸ ಹೋಯಿತೆಂದು ಹೇಳಲು ಸರ್ಕಾರದ ಬಳಿ ಆ ಸಾಲಿನ ಹೊಸ ಸಮೀಕ್ಷೆ ಇರಲಿಲ್ಲ. ಖಾಸಗಿ ಸಂಸ್ಥೆ ಸಿಎಂಐಇ ಅದೇ ವರ್ಷ ತಿಂಗಳ ಅಂಕಿ ಕೊಡಲಾರಂಭಿಸಿತ್ತು. ಚರ್ಚೆಗಳು ಬಹುಮಟ್ಟಿಗೆ ಅದರ ಮೇಲೆ ನಿಂತವು.

2017ರ ಏಪ್ರಿಲ್‌ನಲ್ಲಿ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆ, ಅಂದರೆ ಪಿಎಲ್‌ಎಫ್‌ಎಸ್, ಶುರುವಾಯಿತು. ಮೊದಲ ವರದಿ ತಡವಾದಾಗ ರಾಷ್ಟ್ರೀಯ ಸಾಂಖ್ಯಿಕ ಆಯೋಗದ ಹಂಗಾಮಿ ಅಧ್ಯಕ್ಷ ಪಿ.ಸಿ. ಮೋಹನನ್, ಸದಸ್ಯೆ ಜೆ.ವಿ. ಮೀನಾಕ್ಷಿ 2019ರ ಜನವರಿಯಲ್ಲಿ ರಾಜೀನಾಮೆ ಕೊಟ್ಟರು. ಲೋಕಸಭಾ ಚುನಾವಣೆ ಮುಗಿದು ಮೇ 31ರಂದು ವರದಿ ಹೊರಬಂತು: ನಿರುದ್ಯೋಗ ಶೇ 6.1. ಮತದಾರರು ಮತಗಟ್ಟೆಗೆ ಹೋಗುವ ಮೊದಲೇ ತಿಳಿಯಬೇಕಿದ್ದ ಅಂಕಿ ಅದು.

ಕೋವಿಡ್ ಲಾಕ್‌ಡೌನಿನ ಏಪ್ರಿಲ್–ಜೂನ್ 2020ರಲ್ಲಿ ಪಟ್ಟಣಗಳ ನಿರುದ್ಯೋಗ ಶೇ 21ರ ಆಸುಪಾಸಿಗೆ ಏರಿತು. ಹಳ್ಳಿಗೆ ನಡೆದು ಹೋದವರ ಪಾಡು ಪಿಎಲ್‌ಎಫ್‌ಎಸ್‌ನ ಆ ತ್ರೈಮಾಸಿಕ ವರದಿಯಲ್ಲಿ ಇರಲಿಲ್ಲ. ಆಗ ಅದು ಪಟ್ಟಣಗಳಿಗಷ್ಟೇ ಸೀಮಿತವಾಗಿತ್ತು.

2018ರಿಂದ ಭವಿಷ್ಯನಿಧಿ (ಪಿಎಫ್) ಸಂಘಟನೆಯೂ ಚಂದಾದಾರರ ತಿಂಗಳ ಅಂಕಿ ಕೊಡುತ್ತಿದೆ. ಇಷ್ಟು ಲಕ್ಷ ಹೊಸ ಉದ್ಯೋಗ ಎಂದು ಅದನ್ನು ಓದುವುದು ತಪ್ಪು. ಹತ್ತೊಂಬತ್ತು ಜನರಿದ್ದ ಗಾರ್ಮೆಂಟ್ಸ್ ಘಟಕಕ್ಕೆ ಇನ್ನೊಬ್ಬರು ಸೇರಿದರೆ ಪಿಎಫ್ ಕಾಯ್ದೆ ಅನ್ವಯಿಸುತ್ತದೆ. ಸಿಕ್ಕಿದ್ದು ಒಂದು ಕೆಲಸವಾದರೂ ಹಳಬರೂ ಹೊಸ ಚಂದಾದಾರರಾಗಿ ಪಟ್ಟಿ ಸೇರಬಹುದು.

ನಿರುದ್ಯೋಗದ ತಿಂಗಳ ಅಂಕಿಯನ್ನೂ ಹೀಗೇ ಎಚ್ಚರದಿಂದ ಓದಬೇಕು. 2025ರ ಮೇ ತಿಂಗಳಲ್ಲಿ ಅದು ಶೇ 5.6ಕ್ಕೆ ಏರಿತು, ಜುಲೈಯಲ್ಲಿ 5.2ಕ್ಕೆ ಇಳಿಯಿತು. ಹಿಂಗಾರು ಕೊಯ್ಲು ಮುಗಿದು ಮುಂಗಾರು ಬಿತ್ತನೆ ಶುರುವಾಗುವ ನಡುವಿನ ಏರಿಳಿತ ಇದು. ಇದರಲ್ಲಿ ಆರ್ಥಿಕತೆಯ ಜಾತಕ ಓದಲಾಗದು.

ಅದಕ್ಕಿಂತ ಮುಖ್ಯವಾದದ್ದು ದುಡಿಮೆಯ ಗುಣ. ದುಡಿಮೆಗಿಳಿದ ಅಥವಾ ಕೆಲಸ ಹುಡುಕುವ ಹೆಂಗಸರ ಪಾಲು 2017–18ರಲ್ಲಿ ಶೇ 23.3 ಇದ್ದದ್ದು 2023–24ರಲ್ಲಿ 41.7ಕ್ಕೆ ಏರಿದೆ. ಸಂತೋಷದ ಸಂಗತಿಯೇ. ಆದರೆ ಗಂಡನ ಅಂಗಡಿಯಲ್ಲಿ ಸಂಬಳವಿಲ್ಲದೆ ಕೂತವಳೂ ಉದ್ಯೋಗಿಯೇ. ವಾರದಲ್ಲಿ ಒಂದು ಗಂಟೆ ದುಡಿದವಳೂ ವಾರದ ಲೆಕ್ಕದಲ್ಲಿ ಉದ್ಯೋಗಿಯೇ. ದಿನದ ಅಳತೆಯನ್ನು ಪಿಎಲ್‌ಎಫ್‌ಎಸ್ ಕೈಬಿಟ್ಟಿದೆ. ವಾರದ ಒಂದೊಂದು ದಿನವೂ ಎಷ್ಟು ಗಂಟೆ ದುಡಿದಿರಿ ಎಂಬ ಪ್ರಶ್ನೆಯನ್ನಂತೂ ಸಮೀಕ್ಷಕರು ಈಗಲೂ ಕೇಳುತ್ತಾರೆ. ಆ ಉತ್ತರಗಳನ್ನು ನಿರುದ್ಯೋಗದ ಅಂಕಿಯ ಪಕ್ಕದಲ್ಲೇ ಸಚಿವಾಲಯ ತಿಂಗಳು ತಿಂಗಳೂ ಪ್ರಕಟಿಸಬೇಕು.