ವಕೀಲನ ಪಂಪು ಮತ್ತು ನಿಲ್ಲಿಸುವ ತೂಕ

ವಿಲಿಯಂ ಆರ್ಮ್‌ಸ್ಟ್ರಾಂಗ್ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ವಕೀಲನಾಗಿದ್ದವ. ಬಿ.ಕಾಂ. ಓದಿ ಬ್ಯಾಂಕು ಸೇರಿದ ನನಗೆ ಯಂತ್ರಗಳ ಹುಚ್ಚು ಹಿಡಿದದ್ದಕ್ಕೆ ಈ ಪುಣ್ಯಾತ್ಮನೇ ಸಮಾಧಾನ!

1846ರಲ್ಲಿ ಆತ ಊರಿನ ನಲ್ಲಿ ನೀರಿನ ಒತ್ತಡದಿಂದಲೇ ಬಂದರಿನ ಕ್ರೇನ್ ನಡೆಸಿದ. ಹೆಚ್ಚು ಒತ್ತಡ ಬೇಕಾದರೆ ಎತ್ತರದ ಗೋಪುರದ ಮೇಲೆ ತೊಟ್ಟಿ ಕಟ್ಟಬೇಕಿತ್ತು. ಹಂಬರ್ ನದಿಯ ದಡದ ನ್ಯೂ ಹಾಲೆಂಡ್‌ನಲ್ಲಿ ಮರಳು ನೆಲ, ಗೋಪುರ ನಿಲ್ಲದು. ಉಳಿದದ್ದು ಪಂಪು ಮಾತ್ರ. ಆದರೆ ನೀರು ಗಾಳಿಯಂತೆ ಕುಗ್ಗುವುದಿಲ್ಲ ನೋಡಿ. ಪ್ಲಂಜರು ಒಳನುಗ್ಗಿದಷ್ಟೂ ನೀರು ಹೊರಹೋಗಲೇಬೇಕು. ದಾರಿ ಮುಚ್ಚಿದ್ದರೆ ಪೈಪೋ ಪಂಪೋ ಒಡೆಯುತ್ತದೆ.

ಆತನ ಉಪಾಯ ಅಕ್ಯುಮುಲೇಟರ್. ನಿಂತ ಸಿಲಿಂಡರಿನಲ್ಲೊಂದು ಪ್ಲಂಜರು, ಅದರ ಮೇಲೆ ಟನ್ನುಗಟ್ಟಲೆ ತೂಕ. ಪಂಪಿನ ನೀರು ತುಂಬಿದಂತೆ ತೂಕ ಮೇಲೇರುತ್ತದೆ. ತುದಿ ಮುಟ್ಟಿದೊಡನೆ ತಾನೇ ಉಗಿಯನ್ನು ತಡೆದು ಪಂಪು ನಿಲ್ಲಿಸುತ್ತದೆ. ಒತ್ತಡದ ಉಳಿತಾಯ ಖಾತೆ ಅನ್ನಿ. 1894ರಲ್ಲಿ ತೆರೆದ ಲಂಡನ್ನಿನ ಟವರ್ ಬ್ರಿಡ್ಜ್ ಇಂಥ ಆರು ಅಕ್ಯುಮುಲೇಟರುಗಳ ಬಲದಿಂದ, ಚದರ ಇಂಚಿಗೆ ಸುಮಾರು 750 ಪೌಂಡ್ ಒತ್ತಡದಲ್ಲಿ ಏಳುತ್ತಿತ್ತು. 1970ರ ದಶಕದಲ್ಲಿ ಎಣ್ಣೆ, ವಿದ್ಯುತ್ತು ಬಂದವು.

ಸಾಲದ ತಪಾಸಣೆಗೆಂದು ಪುಣೆಯ ಭೋಸರಿಗೆ ಹೋದಾಗ ಒಬ್ಬ ಆಪರೇಟರ್ ಪ್ಲಂಜರ್ ಪಂಪು ಶುರು ಮಾಡುವುದನ್ನು ನೋಡಿದೆ. ಮೊದಲು ನೀರು ಬರುವ ವಾಲ್ವ್, ಆಮೇಲೆ ನೀರು ತೊಟ್ಟಿಗೇ ಮರಳುವ ಬೈಪಾಸ್, ಎರಡನ್ನೂ ತೆರೆದೇ ಮೋಟಾರು ಹಾಕಿದ. ಮೀಟರ್ ನೋಡುತ್ತ ಬೈಪಾಸನ್ನು ನಿಧಾನವಾಗಿ ಮುಚ್ಚುತ್ತ ಬಂದ. ಈಗ ತೂಕದ ಕಾವಲು ಕೆಲಸ ರಿಲೀಫ್ ವಾಲ್ವಿನದು. ಪದೇ ಪದೇ ನೀರು ಬಿಡುತ್ತದೆಂದು ಅದರ ಸ್ಪ್ರಿಂಗ್ ಬಿಗಿಮಾಡುವ ಜಾಣರೂ ಇದ್ದಾರಂತೆ. ಪಕ್ಕದಲ್ಲಿ ನಿಲ್ಲುವವನು ಮಾತ್ರ ಆ ಬಡ ಆಪರೇಟರನೇ.