ಮಲೆನಾಡಿನ ನೀರು, ಮೈಸೂರಿನ ಸೊಳ್ಳೆ

ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ಮೇಸ್ತ್ರಿಯ ಬೆನ್ನುಹತ್ತಿ ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿತೋಟಗಳಿಗೆ ಬಂದ ಆಳುಗಳು, ಚಳಿಜ್ವರದಿಂದ ನಡುಗಿ, ಮುಖ ಬಿಳಿಚಿ, ಎಡಪಕ್ಕೆಯ ಕೆಳಗೆ ಜ್ವರಗಡ್ಡೆ ಬೆಳೆಸಿಕೊಂಡು ಊರಿಗೆ ಮರಳುತ್ತಿದ್ದ ಕಾಲದಲ್ಲಿ, ಊರವರು ಹೇಳುತ್ತಿದ್ದುದು ಮಲೆನಾಡಿನ ನೀರು ಇವರಿಗೆ ಹಿಡಿಯಲಿಲ್ಲವೆಂದು. ಇದನ್ನು ಅಜ್ಞಾನವೆಂದು ನಗುವುದು ಸುಲಭ. ನನಗಾದರೋ ಆ ಮಾತಿನಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ಯವಿದ್ದಂತೆ ತೋರುತ್ತದೆ. ದೋಷ ನೀರಿನಲ್ಲಿಯೇ ಇದ್ದಿತು. ಕುಡಿಯುವ ನೀರಿನಲ್ಲಲ್ಲ, ಅಷ್ಟೆ.

1897ರ ಆಗಸ್ಟಿನಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಜಠರದಲ್ಲಿ ಮಲೇರಿಯಾದ ರೋಗಾಣುವನ್ನು ಕಂಡ ಮೇಲೆಯೂ, ಯಾವ ಸೀಮೆಯಲ್ಲಿ ಯಾವ ಸೊಳ್ಳೆಯೆಂಬ ಪ್ರಶ್ನೆ ಉಳಿದೇ ಇದ್ದಿತು. ಮೈಸೂರು ಸರ್ಕಾರವು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1930ರ ಆಸುಪಾಸಿನಲ್ಲಿ ಮೂಡಿಗೆರೆಯ ಸೀಮೆಯಲ್ಲಿ ನಡೆಸಿದ ಶೋಧನೆಯು ಅನಾಫಿಲಿಸ್ ಫ್ಲೂವಿಯಾಟಿಲಿಸ್ ಎಂಬ ಸೊಳ್ಳೆಯತ್ತ ಬೆರಳು ತೋರಿತು. ಕೊಳಚೆಯನ್ನು ಮೆಚ್ಚುವ ಜಾತಿಯಲ್ಲ ಇದು; ಹುಲ್ಲಂಚಿನ ತೊರೆಯಲ್ಲಿ ಮೆಲ್ಲಗೆ ಸರಿಯುವ ತಿಳಿನೀರೇ ಇದರ ತವರು. ಆಷಾಢ ಶ್ರಾವಣಗಳ ಮಳೆ ಹಳ್ಳಗಳನ್ನು ಉಕ್ಕಿಸಿ ಇದರ ಮರಿಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಮಳೆ ಹಿಂದೆಗೆದು ತೊರೆಗಳು ತಿಳಿಯಾಗಿ ಸಾವಕಾಶವಾಗಿ ಹರಿಯತೊಡಗುವ ಹೊತ್ತಿಗೆ ಇತ್ತ ಕಾಫಿ ಹಣ್ಣಾಗುತ್ತದೆ, ಕೊಯ್ಲಿಗೆ ಹೊರಗಿನ ಆಳು ಬಂದು ಲೈನುಮನೆಗಳಲ್ಲಿ ಇಳಿಯುತ್ತದೆ. ಸೊಳ್ಳೆ ಇಲ್ಲಿ ಯಾರನ್ನೂ ಅರಸಿ ಹೋಗಬೇಕಾಗಿರಲಿಲ್ಲ. ಅದರ ತೊರೆಯ ದಡಕ್ಕೆ ಜನರನ್ನು ಕರೆತಂದು ಕೂಡಿಸಿದವರು ನಾವೇ.

ಕ್ವಿನೈನಿನ ಕಹಿಯೂ, ಆಮೇಲೆ ಬಂದ ಡಿ.ಡಿ.ಟಿ.ಯೂ ಎಲ್ಲರೂ ಬಲ್ಲ ಕಥೆ. 1953ರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದ ಸಿಂಪಡಣೆಯವರು ಗೋಡೆಗೋಡೆಗೂ ಆ ಬಿಳಿಯ ದ್ರವವನ್ನು ಹೊಡೆದು ಹೋದರು. ಮನೆಯೊಳಗೆ ಬಂದು ಗೋಡೆಯ ಮೇಲೆ ಕೂರುವುದೇ ಸೊಳ್ಳೆಗೆ ಮುಳುವಾಯಿತು.

ಮೂಡಿಗೆರೆಯ ಶೋಧನೆಯ ಕಾಲದವರು ಬಿಟ್ಟುಹೋದ ಇನ್ನೊಂದು ಸೂಕ್ಷ್ಮವಾದ ಕೆಲಸವು ಲೋಕದಲ್ಲಿ ಹೆಚ್ಚು ದೂರ ಸಾಗಿದೆ. 1937ರಲ್ಲಿ ಸ್ವೀಟ್ ಮತ್ತು ರಾವ್ ಎಂಬಿಬ್ಬರು, ಲಿಸ್ಟನ್ 1901ರಲ್ಲಿ ವರ್ಣಿಸಿದ್ದ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಬೇರೊಂದು ಸೊಳ್ಳೆಯ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಪುಟ್ಟ ದೋಣಿಯಂತಹ ಮೊಟ್ಟೆ. ಅದನ್ನು ನೀರಿನ ಮೇಲೆ ತೇಲಿಸುವ ಗಾಳಿಬುರುಡೆಯಂತಹ ಅಂಗಗಳು ಎರಡು ಮಗ್ಗುಲಿಗೂ ಒಂದೊಂದು. ಅವುಗಳ ಮೇಲೆ ಬಾಚಣಿಗೆಯ ಹಲ್ಲಿನಂತೆ ಸಾಲುಗಟ್ಟಿದ ಏಣುಗಳು. ಏಣುಗಳು ಹೆಚ್ಚಾಗಿದ್ದುದು ಮೂಲರೂಪ. ಕಡಿಮೆಯಾಗಿದ್ದುದಕ್ಕೆ ಅವರು ಇಟ್ಟ ಹೆಸರು ಮೈಸೂರೆನ್ಸಿಸ್. ಹೀಗೆ ನಮ್ಮ ಸಂಸ್ಥಾನದ ಹೆಸರು, ಮಲ್ಲಿಗೆಗೂ ರೇಷ್ಮೆಗೂ ಅಂಟಿದಂತೆ, ಸೊಳ್ಳೆಗೂ ಅಂಟಿಕೊಂಡಿತು. ಅದರಲ್ಲಿ ಅಭಿಮಾನಪಡುವುದಕ್ಕೇನೂ ಇಲ್ಲವೆನ್ನಿ.

ಫ್ಲೂವಿಯಾಟಿಲಿಸ್ ಹೆಚ್ಚಾಗಿ ತೊರೆಯನ್ನೇ ನೆಚ್ಚಿ ಬಾಳುತ್ತದೆ. ಸ್ಟೀಫೆನ್ಸಿಗಾದರೋ ಬಾವಿ, ತಾರಸಿಯ ತೊಟ್ಟಿ, ಕಟ್ಟಡದ ಕೆಲಸಕ್ಕೆಂದು ನಿಲ್ಲಿಸಿದ ನೀರು, ಯಾವುದಾದರೂ ಸರಿಯೆ. ಘಟ್ಟವಿಳಿದರೆ ಸಿಗುವ ಮಂಗಳೂರಿನಲ್ಲಿ ಮಲೇರಿಯಾ ಬೇರೂರಿದುದು ಇಂತಹ ನೀರಿನ ಬಲದಿಂದಲೇ. ಮನುಷ್ಯನು ನೀರನ್ನು ಕೂಡಿಟ್ಟಲ್ಲೆಲ್ಲ ಬಿಡಾರ ಹೂಡಬಲ್ಲ ಈ ಸೊಳ್ಳೆಯು 2012ರಲ್ಲಿ ಆಫ್ರಿಕದ ಕರಾವಳಿಯ ಜಿಬೂಟಿಯಲ್ಲಿಯೂ, 2016ರಲ್ಲಿ ಇಥಿಯೋಪಿಯದಲ್ಲಿಯೂ, 2017ರಲ್ಲಿ ಸಿಂಹಳದಲ್ಲಿಯೂ ಕಾಣಿಸಿಕೊಂಡಿತು. ಇಂದು ಅದರ ಜಾಡು ಹಿಡಿದವರ ಬಳಿ ವಂಶವಾಹಿಗಳನ್ನೇ ಓದುವ ಯಂತ್ರಗಳಿವೆ. ಆದರೂ ಮೊಟ್ಟೆಯ ಏಣುಗಳನ್ನು ಒಂದೊಂದಾಗಿ ಎಣಿಸುವ ಹಳೆಯ ಪದ್ಧತಿ ಬಿಟ್ಟುಹೋಗಿಲ್ಲ. ಎಣಿಕೆ ಕಡಿಮೆ ಬಂದಾಗ, ಮೈಸೂರು ಎಲ್ಲಿದೆಯೆಂದು ಅರಿಯದವರೂ ತಮ್ಮ ಪಟ್ಟಿಯಲ್ಲಿ ಅದರ ಹೆಸರನ್ನೇ ಬರೆದುಕೊಳ್ಳುತ್ತಾರೆ.